ಒಂದು ಯಂತ್ರ, ನಾಲ್ಕು ವಯಸ್ಸು

1928ರಲ್ಲಿ ಹೆನ್ರಿ ಫೋರ್ಡ್ ಅಮೆರಿಕದಲ್ಲಿ ಫೋರ್ಡ್‌ಸನ್ ಟ್ರ್ಯಾಕ್ಟರ್ ತಯಾರಿಕೆಯನ್ನು ನಿಲ್ಲಿಸಿದ. ಆದರೆ ಅದನ್ನು ತಯಾರಿಸುತ್ತಿದ್ದ ಯಂತ್ರಗಳು ಗುಜರಿ ಸೇರಲಿಲ್ಲ. ಹಡಗು ಹತ್ತಿ ಅಟ್ಲಾಂಟಿಕ್ ದಾಟಿ, ಫೋರ್ಡ್‌ನ ತಂದೆ ಹುಟ್ಟಿದ ಸೀಮೆಯಾದ ಐರ್ಲೆಂಡಿನ ಕಾರ್ಕ್‌ಗೆ ಬಂದಿಳಿದವು. ಮರುವರ್ಷ ಲೀ ನದಿಯ ದಂಡೆಯ ಕಾರ್ಖಾನೆಯಿಂದ ಟ್ರ್ಯಾಕ್ಟರುಗಳು ಹೊರಬರತೊಡಗಿದವು. 1932ರ ಹೊತ್ತಿಗೆ ಅಲ್ಲಿಂದಲೂ ಗಂಟುಮೂಟೆ ಕಟ್ಟಿ ಈ ತಯಾರಿಕೆ ಇಂಗ್ಲೆಂಡಿನ ಡಾಗೆನ್‌ಹ್ಯಾಮ್‌ಗೆ ಸಾಗಿತು. ಒಂದು ದೇಶದಲ್ಲಿ ಲಾಭ ತಾರದ ಯಂತ್ರ ಇನ್ನೊಂದು ದೇಶದಲ್ಲಿ ದುಡಿಯಬಲ್ಲದು ಎಂಬುದು ಕಾರ್ಕ್‌ನ ಜನರಿಗೆ ಅಂದೇ ಗೊತ್ತಾಗಿತ್ತು.

ಇಂದಿನ ಐರ್ಲೆಂಡಿನಲ್ಲಿ ಯಂತ್ರದ ಆಯುಷ್ಯಕ್ಕೆ ಸರ್ಕಾರವೇ ಒಂದು ಅಂಕಿ ಕೊಟ್ಟಿದೆ: 8 ವರ್ಷ. ತೆರಿಗೆ ಲೆಕ್ಕದಲ್ಲಿ ಯಂತ್ರದ ಬೆಲೆಯ ಶೇ. 12.5ರಷ್ಟನ್ನು ಪ್ರತಿವರ್ಷ ಸವಕಳಿಯೆಂದು ಕಳೆಯಬಹುದು; ಎಂಟು ವರ್ಷ ಮುಗಿದಾಗ ಪುಸ್ತಕದಲ್ಲಿ ಉಳಿಯುವುದು ಸೊನ್ನೆ. ಆದರೆ ಗಾಲ್ವೇ, ಶಾನನ್, ಲಿಮರಿಕ್‌ಗಳ ವರ್ಕ್‌ಶಾಪುಗಳಲ್ಲಿ ಈ ಸೊನ್ನೆ ಬೆಲೆಯ ಯಂತ್ರಗಳು ಬೆಳಿಗ್ಗೆ ಎಂಟಕ್ಕೆ ಚಾಲೂ ಆಗಿ ಸಂಜೆಯವರೆಗೆ ಉಕ್ಕು ಕೊರೆಯುತ್ತಲೇ ಇರುತ್ತವೆ. ಒಂದು ದಿನ ಸ್ಪಿಂಡಲ್ ಕಿರುಗುಡುತ್ತದೆ, ಅಥವಾ ಪರದೆ ಕಪ್ಪಾಗುತ್ತದೆ. ಆಗ ಮಾಲೀಕನ ಮುಂದೆ ಎರಡು ಕೊಟೇಶನ್ ಬಂದು ಕೂರುತ್ತವೆ: ಒಂದು ರಿಪೇರಿಗೆ, ಇನ್ನೊಂದು ಹೊಸ ಯಂತ್ರಕ್ಕೆ.

ಬೆಂಗಳೂರಿನ ಪೀಣ್ಯದ ಮಾಲೀಕನಿಗೂ ಈ ಸಂಕಟ ಹೊಸದಲ್ಲ. ‘ಯಂತ್ರಕ್ಕೆ ಎಷ್ಟು ವಯಸ್ಸಾಯಿತು?’ ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲದಿರುವುದೇ ತೊಡಕಿನ ಮೂಲ.

ಕಬ್ಬಿಣಕ್ಕೊಂದು, ಚಿಪ್‌ಗೊಂದು

ಅಂಕಿಗಳ ಆಜ್ಞೆ ಪಾಲಿಸುವ ಮೊದಲ ಮಿಲ್ಲಿಂಗ್ ಯಂತ್ರವನ್ನು ಅಮೆರಿಕದ ಎಂಐಟಿ ಸಂಸ್ಥೆ 1952ರಲ್ಲಿ ಪ್ರದರ್ಶಿಸಿತು. ಅದು ಪೂರಾ ಹೊಸ ಯಂತ್ರವಾಗಿರಲಿಲ್ಲ. ಸಿನ್ಸಿನಾಟಿ ಕಂಪನಿಯ ಹೈಡ್ರೋಟೆಲ್ ಎಂಬ ಸಾಮಾನ್ಯ ಮಿಲ್ಲಿಂಗ್ ಯಂತ್ರಕ್ಕೆ ನಿರ್ವಾತ ಕೊಳವೆಗಳ ದೊಡ್ಡ ಪೆಟ್ಟಿಗೆ ಮತ್ತು ರಂಧ್ರ ಕೊರೆದ ಟೇಪು ಓದುವ ಸಾಧನವನ್ನು ಜೋಡಿಸಿದ್ದರು. ಅಂದರೆ ಇಂದಿನ ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳ ವಂಶವೃಕ್ಷದ ಬುಡದಲ್ಲಿರುವುದೇ ಹಳೆಯ ದೇಹಕ್ಕೆ ಹೊಸ ಮಿದುಳು ಕೂರಿಸಿದ ಯಂತ್ರ. ಇಂದು ಪೀಣ್ಯದಲ್ಲೂ ಐರ್ಲೆಂಡಿನಲ್ಲೂ ಈ ಕೆಲಸವನ್ನು ರಿಟ್ರೋಫಿಟ್ ಎನ್ನುತ್ತಾರೆ.

ಆ ಕಾಲದಿಂದಲೂ ಇಂಥ ಯಂತ್ರದೊಳಗೆ ನಾಲ್ಕು ತಲೆಮಾರು ಒಂದೇ ಸೂರಿನಡಿ ಬಾಳುವ ಮನೆಯಂತೆ ನಾಲ್ಕು ವಯಸ್ಸುಗಳಿವೆ.

ಮೊದಲನೆಯದು ಬೀಡು ಕಬ್ಬಿಣದ ಬೆಡ್ ಮತ್ತು ಕಾಲಂ. ಎರಕ ಹೊಯ್ದ ಹೊಸತರಲ್ಲಿ ಕಬ್ಬಿಣದೊಳಗೆ ಬಿಗಿತವಿರುತ್ತದೆ. ಅದು ನಿಧಾನವಾಗಿ ಸಡಿಲಗೊಳ್ಳುವಾಗ ಆಕಾರ ಕೆಲವು ಮೈಕ್ರಾನ್ ಅತ್ತಿತ್ತ ಆಗುತ್ತದೆ. ಅದಕ್ಕೇ ಹಿಂದಿನ ತಯಾರಕರು ಎರಕಗಳನ್ನು ತಿಂಗಳುಗಟ್ಟಲೆ ಬಯಲಲ್ಲಿ ಬಿಟ್ಟು ಹದಗೊಳಿಸುತ್ತಿದ್ದರು. ಇಪ್ಪತ್ತು ವರ್ಷ ದುಡಿದ ಬೆಡ್ ಈ ಲೆಕ್ಕದಲ್ಲಿ ಮುದಿಯಲ್ಲ, ಮಾಗಿದ್ದು. ಸವೆಯುವುದು ಅದರ ಮೇಲಿನ ಜಾರುದಾರಿ ಮಾತ್ರ. ಹಳೆಯ ಮಾದರಿಯ ಬಾಕ್ಸ್ ವೇ ಆದರೆ ನುರಿತ ಫಿಟ್ಟರ್ ಕೈಯಿಂದ ಸ್ಕ್ರೇಪಿಂಗ್ ಮಾಡಿ ಅದನ್ನು ಮತ್ತೆ ಸಮತಟ್ಟಾಗಿಸಬಲ್ಲ. ಲೀನಿಯರ್ ಗೈಡ್ ಆದರೆ ಹಳಿ ಮತ್ತು ಬ್ಲಾಕ್ ಎರಡನ್ನೂ ಬದಲಿಸಬೇಕು.

ಎರಡನೆಯದು ಉರುಳುವ ಮತ್ತು ತಿರುಗುವ ಭಾಗಗಳು: ಸ್ಪಿಂಡಲ್ ಬೇರಿಂಗ್, ಬಾಲ್ ಸ್ಕ್ರೂ, ಸೀಲು, ವೈಪರ್. ಇವಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ. ಓಡಿದ ಗಂಟೆ, ತಿಂದ ಪೆಟ್ಟು, ಒಳನುಗ್ಗಿದ ಕೂಲೆಂಟ್ ಇಷ್ಟೇ ಲೆಕ್ಕ. ಬಾಲ್ ಸ್ಕ್ರೂ ಸವೆದರೆ ದಿಕ್ಕು ಬದಲಿಸುವಾಗ ಟೇಬಲ್ ಒಂದಿಷ್ಟು ತಡವಾಗಿ ಹೊರಡುತ್ತದೆ. ಈ ಬ್ಯಾಕ್‌ಲ್ಯಾಶನ್ನು ಕಂಟ್ರೋಲರಿಗೆ ಒಂದು ಅಂಕಿಯಾಗಿ ಹೇಳಿಕೊಟ್ಟರೆ ಅದು ಸರಿದೂಗಿಸಿಕೊಳ್ಳುತ್ತದೆ. ಆದರೆ ಸ್ಕ್ರೂ ಎಲ್ಲೆಡೆ ಒಂದೇ ಸಮ ಸವೆಯುವುದಿಲ್ಲ. ವೈಸ್ ಸದಾ ಟೇಬಲ್ಲಿನ ನಡುವೆ ಕೂರುವುದರಿಂದ ಸ್ಕ್ರೂವಿನ ನಡುಭಾಗ ಹೆಚ್ಚು ತೇಯುತ್ತದೆ. ನಡುವಿಗೆ ಸರಿಹೋಗುವ ಅಂಕಿ ತುದಿಗಳಲ್ಲಿ ಹೊಸ ತಪ್ಪನ್ನೇ ಹುಟ್ಟಿಸುತ್ತದೆ. ಪ್ಯಾರಾಮೀಟರ್ ತಿದ್ದಿ ದಿನ ದೂಡುವ ಕಾಲ ಮುಗಿಯುವುದು ಅಲ್ಲಿಗೆ.

ಮೂರನೆಯದು ಎಲೆಕ್ಟ್ರಾನಿಕ್ಸ್. ಡ್ರೈವ್‌ಗಳಲ್ಲಿರುವ ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳು ಒಳಗಿನ ದ್ರವ ಒಣಗುತ್ತ ಬಂದಂತೆ ಶಕ್ತಿ ಕಳೆದುಕೊಳ್ಳುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಸರಿಸುಮಾರು ಅರ್ಧವಾಗುತ್ತದೆಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಹಾಗಾಗಿ ಕ್ಯಾಬಿನೆಟ್ಟಿನ ಫ್ಯಾನ್ ನಿಂತುಹೋದದ್ದನ್ನು ಗಮನಿಸದ ವರ್ಕ್‌ಶಾಪ್ ತನಗೆ ಅರಿವಿಲ್ಲದೆ ಯಂತ್ರವನ್ನು ಬೇಗ ಮುದಿಯಾಗಿಸುತ್ತದೆ. ಹಳೆಯ ಕಂಟ್ರೋಲರುಗಳ ಪ್ಯಾರಾಮೀಟರುಗಳೆಲ್ಲ ಸಣ್ಣದೊಂದು ಬ್ಯಾಟರಿಯ ಬಲದಲ್ಲಿ ನಿಂತಿರುತ್ತವೆ. ಕ್ರಿಸ್‌ಮಸ್ ರಜೆಗೆಂದು ಮೇನ್ ಸ್ವಿಚ್ ಆರಿಸಿ ಹೋದಾಗ ಬ್ಯಾಟರಿ ಸತ್ತರೆ, ಜನವರಿಯಲ್ಲಿ ಬಾಗಿಲು ತೆರೆದವರಿಗೆ ತಾನು ಯಾರೆಂದೇ ಮರೆತ ಯಂತ್ರ ಎದುರಾಗುತ್ತದೆ. ಇನ್ನು ಬಿಡಿಭಾಗಗಳ ವಿಷಯದಲ್ಲಿ ತಯಾರಕರ ನೀತಿ ಬೇರೆ ಬೇರೆ. ಜಪಾನಿನ ಫಾನುಕ್ ತನ್ನ ಕಂಟ್ರೋಲರನ್ನು ಗ್ರಾಹಕ ಬಳಸುವವರೆಗೂ ಸರ್ವಿಸ್ ಮಾಡುವ ನೀತಿ ಇಟ್ಟುಕೊಂಡಿದೆ. ಸೀಮೆನ್ಸ್ ಸಾಮಾನ್ಯವಾಗಿ ಮಾದರಿಯನ್ನು ನಿಲ್ಲಿಸಿದ ನಂತರ ಸುಮಾರು 10 ವರ್ಷ ಬಿಡಿಭಾಗ ಪೂರೈಸುತ್ತದೆ. ಹಾಗಾಗಿ ಒಂದೇ ವರ್ಷ ಕೊಂಡ ಎರಡು ಯಂತ್ರಗಳ ಭವಿಷ್ಯ ಕಂಟ್ರೋಲರಿನ ಹೆಸರಿನ ಮೇಲೆ ಬೇರೆಯಾಗಬಹುದು.

ನಾಲ್ಕನೆಯದು ಸಾಫ್ಟ್‌ವೇರ್. ಯಂತ್ರಕ್ಕೆ ಆಜ್ಞೆ ಕೊಡುವ ಜಿ-ಕೋಡ್ ಭಾಷೆ ದಶಕಗಳಿಂದ ಹೆಚ್ಚು ಬದಲಾಗಿಲ್ಲ, ನಿಜ. ಆದರೆ ಅದನ್ನು ಹೊತ್ತು ತರುವ ಕಂಪ್ಯೂಟರ್ ಹಳೆಯ ವಿಂಡೋಸಿನದಾಗಿದ್ದರೆ ಅಪಾಯ ಅಲ್ಲಿರುತ್ತದೆ. 2021ರ ಮೇ 14ರಂದು ಐರ್ಲೆಂಡಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆ ಎಚ್‌ಎಸ್‌ಇ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ನಡೆದು ದೇಶದ ಆಸ್ಪತ್ರೆಗಳು ಕಾಗದ-ಪೆನ್ನಿಗೆ ಮರಳಿದವು. ಆಮೇಲಿನ ತನಿಖಾ ವರದಿಯಲ್ಲಿ, ಬೆಂಬಲ ಮುಗಿದಿದ್ದ ವಿಂಡೋಸ್ 7 ಇನ್ನೂ 30,000ಕ್ಕೂ ಹೆಚ್ಚು ಕಂಪ್ಯೂಟರುಗಳಲ್ಲಿ ಓಡುತ್ತಿದ್ದುದು ದಾಖಲಾಯಿತು. ಹಳೆಯ ಸಿಎನ್‌ಸಿಯನ್ನು ನೆಟ್‌ವರ್ಕಿಗೆ ಜೋಡಿಸುವ ಮೊದಲು ಇದನ್ನು ನೆನೆಯಬೇಕು.

ಅಳೆಯದೆ ತೀರ್ಪಿಲ್ಲ

ನಾಲ್ಕು ವಯಸ್ಸುಗಳಲ್ಲಿ ಯಾವುದು ಮುಗಿಯಿತು, ಯಾವುದು ಉಳಿದಿದೆ ಎಂದು ತಿಳಿಯಲು ಕಿವಿ ಸಾಲದು. ಇಲ್ಲಿ ಐರ್ಲೆಂಡಿನ ನಂಟಿರುವ ಇಬ್ಬರ ಕೊಡುಗೆ ನೆರವಿಗೆ ಬರುತ್ತದೆ.

ಒಬ್ಬರು 1940ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ ಡೇವಿಡ್ ಮೆಕ್‌ಮರ್ಟ್ರಿ. ರೋಲ್ಸ್ ರಾಯ್ಸ್‌ನಲ್ಲಿದ್ದಾಗ ಕಾಂಕಾರ್ಡ್ ವಿಮಾನದ ಎಂಜಿನ್ನಿನ ತೆಳು ಇಂಧನ ಕೊಳವೆಗಳನ್ನು ಅಳೆಯಬೇಕಾಗಿ ಬಂದಾಗ, ಮುಟ್ಟಿದೊಡನೆ ಸಂಕೇತ ಕಳಿಸುವ ಪ್ರೋಬ್ ಕಂಡುಹಿಡಿದರು. 1973ರಲ್ಲಿ ಜಾನ್ ಡಿಯರ್ ಜೊತೆ ಇಂಗ್ಲೆಂಡಿನಲ್ಲಿ ರೆನಿಶಾ ಕಂಪನಿ ಕಟ್ಟಿದರು. ಡಬ್ಲಿನ್ ಬಳಿಯ ಸ್ವೋರ್ಡ್ಸ್‌ನಲ್ಲೂ ಅದರ ಕಾರ್ಖಾನೆಯಿದೆ. ಈ ಕಂಪನಿ ಮಾರುವ ಬಾಲ್‌ಬಾರ್ ಎಂಬ ಉಪಕರಣದ ಮೂಲ ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದ ಜೇಮ್ಸ್ ಬ್ರಯಾನ್ ಅವರ ಕೆಲಸ. ಎರಡು ನಿಖರ ಗುಂಡುಗಳು, ನಡುವೆ ಹಿಗ್ಗಿ ಕುಗ್ಗುವ ಸರಳು. ಒಂದು ಗುಂಡು ಸ್ಪಿಂಡಲ್ಲಿಗೆ, ಇನ್ನೊಂದು ಟೇಬಲ್ಲಿಗೆ. ಯಂತ್ರಕ್ಕೆ ವೃತ್ತ ಹಾಕಲು ಹೇಳಿದರೆ ಸರಳಿನ ಉದ್ದ ಎಲ್ಲಿ ಎಷ್ಟು ಮೈಕ್ರಾನ್ ಏರುಪೇರಾಯಿತೆಂದು ಕಂಪ್ಯೂಟರ್ ಬರೆದಿಡುತ್ತದೆ. ದಿಕ್ಕು ಬದಲಾಗುವ ಜಾಗದಲ್ಲಿ ಮೆಟ್ಟಿಲು ಕಂಡರೆ ಬ್ಯಾಕ್‌ಲ್ಯಾಶ್. ವೃತ್ತ ಓರೆಯಾಗಿ ಮೊಟ್ಟೆಯಾದರೆ ಅಕ್ಷಗಳ ಲಂಬತೆ ತಪ್ಪಿದೆ. ಕಾಲು ಗಂಟೆಯ ಕೆಲಸ.

ಇನ್ನೊಬ್ಬರು ವಿಲಿಯಂ ಸೀಲಿ ಗಾಸೆಟ್. ಹುಟ್ಟಿನಿಂದ ಇಂಗ್ಲೆಂಡಿನವರು, ಕೆಲಸ 1899ರಿಂದ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ. ಬಾರ್ಲಿಯ ಬೆರಳೆಣಿಕೆಯ ಮಾದರಿಗಳಿಂದ ನಂಬಬಹುದಾದ ನಿರ್ಣಯಕ್ಕೆ ಬರುವುದು ಹೇಗೆ ಎಂಬುದು ಅವರ ಪ್ರಶ್ನೆ. ಸ್ವಂತ ಹೆಸರಲ್ಲಿ ಪ್ರಕಟಿಸುವಂತಿರಲಿಲ್ಲವಾದ್ದರಿಂದ 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಲೇಖನ ಬಂತು. ಸಂಖ್ಯಾಶಾಸ್ತ್ರದ ಟಿ-ಪರೀಕ್ಷೆಯ ಬೇರು ಅದರಲ್ಲಿದೆ.

ವರ್ಕ್‌ಶಾಪಿನಲ್ಲಿ ಇದು ಹೀಗೆ ಬಳಕೆಗೆ ಬರುತ್ತದೆ. ಐದು ಜಾಬ್ ಅಳೆದಾಗ ವ್ಯಾಸ ಗುರಿಗಿಂತ ಸರಾಸರಿ 6 ಮೈಕ್ರಾನ್ ಹೆಚ್ಚಿದೆ, ಒಂದರಿಂದೊಂದಕ್ಕೆ ಚದುರುವಿಕೆ 4 ಮೈಕ್ರಾನ್ ಎಂದಿಟ್ಟುಕೊಳ್ಳೋಣ. ಟಿ-ಮೌಲ್ಯ 3.35 ಬರುತ್ತದೆ; ಐದು ಮಾದರಿಗೆ ಆಕಸ್ಮಿಕದ ಮಿತಿ 2.78. ಯಂತ್ರದಲ್ಲಿ ನಿಜಕ್ಕೂ ಏನೋ ಸರಿದಿದೆ. ಇದೇ ಸರಾಸರಿ, ಇದೇ ಚದುರುವಿಕೆ ಮೂರೇ ಜಾಬ್ ಅಳೆದಾಗ ಸಿಕ್ಕಿದ್ದರೆ ಮೌಲ್ಯ 2.60, ಮಿತಿ 4.30. ಆಗ ಅದು ಬರೀ ಆಕಸ್ಮಿಕವೂ ಇರಬಹುದು. ಎರಡು ಜಾಬ್ ಹೆಚ್ಚಿಗೆ ಅಳೆದಿದ್ದರೆ ಸಾವಿರಾರು ಯೂರೋಗಳ ನಿರ್ಧಾರವೊಂದು ಗಟ್ಟಿ ನೆಲದ ಮೇಲೆ ನಿಲ್ಲುತ್ತಿತ್ತು.

ಚಳಿಯ ಲೆಕ್ಕವೂ ಬೇಕು. ಒಂದು ಮೀಟರ್ ಉಕ್ಕು ಒಂದು ಡಿಗ್ರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ಐರ್ಲೆಂಡಿನ ಚಳಿಗಾಲದ ಮುಂಜಾನೆ ಶೆಡ್ 8 ಡಿಗ್ರಿ ಇದ್ದು ಮಧ್ಯಾಹ್ನ 18 ಆದರೆ, 300 ಮಿಲಿಮೀಟರ್ ಉದ್ದದ ಸ್ಕ್ರೂ 36 ಮೈಕ್ರಾನ್ ಬೆಳೆದಿರುತ್ತದೆ. ಬಿಸಿಯಾಗದ ಯಂತ್ರವನ್ನು ಅಳೆದು ಅದನ್ನು ಸವಕಳಿಯೆಂದು ದೂರುವವರು ಎಲ್ಲ ದೇಶಗಳಲ್ಲೂ ಇದ್ದಾರೆ.

ಹೊಸದು ಕೆಡುವುದಿಲ್ಲವೆಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ಸ್ಟ್ಯಾನ್ಲಿ ನೌಲನ್ ಮತ್ತು ಹೊವಾರ್ಡ್ ಹೀಪ್ 1978ರ ತಮ್ಮ ವರದಿಯಲ್ಲಿ ವಿಮಾನದ ಬಿಡಿಭಾಗಗಳು ಯಾವಾಗ ಕೆಡುತ್ತವೆಂದು ವಿವರಿಸಿದರು. ವಯಸ್ಸಾದಂತೆ ಕೆಡುವ ಸಾಧ್ಯತೆ ಹೆಚ್ಚುವ ಭಾಗಗಳು ಶೇ. 11 ಮಾತ್ರ. ಶೇ. 68ರಷ್ಟು ಭಾಗಗಳಲ್ಲಿ ಹಾಕಿದ ಹೊಸತರಲ್ಲೇ ಅಪಾಯ ಹೆಚ್ಚು, ಆಮೇಲೆ ಇಳಿಕೆ. ವಿಮಾನದ ಅಂಕಿ ಲೇಥಿಗೆ ಹಾಗೇ ಹೊಂದುವುದಿಲ್ಲ. ಸವೆಯುವ ಲೋಹ ಲೇಥಿನಲ್ಲಿ ಹೆಚ್ಚು. ಆದರೂ ಪಾಠ ಉಳಿಯುತ್ತದೆ: ಹತ್ತು ವರ್ಷವಾಯಿತೆಂಬ ಒಂದೇ ಕಾರಣಕ್ಕೆ ಚೆನ್ನಾಗಿರುವ ಡ್ರೈವನ್ನು ಕಿತ್ತು ಹೊಸದು ಹಾಕಿದರೆ ಅಪಾಯ ಕಡಿಮೆಯಾಗುತ್ತದೆಂಬ ಖಾತರಿಯಿಲ್ಲ.

ಹಾಲಿ ಚಾಂಪಿಯನ್ ಮತ್ತು ಸವಾಲುಗಾರ

ಇನ್ನು ಹಣದ ಮಾತು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಟರ್ಬರ್ಗ್ 1949ರ ತಮ್ಮ ಪುಸ್ತಕದಲ್ಲಿ ಈ ಪ್ರಶ್ನೆಯನ್ನು ಕುಸ್ತಿಯ ಅಖಾಡಕ್ಕೆ ತಂದರು. ಇರುವ ಯಂತ್ರ ಹಾಲಿ ಚಾಂಪಿಯನ್, ಬರಲಿರುವುದು ಸವಾಲುಗಾರ. ಹಾಲಿ ಯಂತ್ರಕ್ಕೆ ಹಿಂದೆ ಕೊಟ್ಟ ಬೆಲೆ ಪಂದ್ಯಕ್ಕೆ ಬರುವಂತಿಲ್ಲ. ಇಂದು ಮಾರಿದರೆ ಎಷ್ಟು ಬರುತ್ತದೆ ಎಂಬುದಷ್ಟೇ ಬರುತ್ತದೆ. ಎರಡನ್ನೂ ವರ್ಷಕ್ಕಿಷ್ಟು ಎಂಬ ಒಂದೇ ಅಳತೆಗೆ ತಂದು ಹೋಲಿಸಬೇಕು.

ಒಂದು ಕಾಲ್ಪನಿಕ ಲೆಕ್ಕ. ಹಳೆಯ ಮಿಲ್ಲಿಂಗ್ ಸೆಂಟರನ್ನು ಇಂದು ಮಾರಿದರೆ 15,000 ಯೂರೋ. ಸ್ಪಿಂಡಲ್ ಮತ್ತು ಬಾಲ್ ಸ್ಕ್ರೂ ರಿಪೇರಿಗೆ 12,000. ಆಮೇಲೆ ನಾಲ್ಕು ವರ್ಷ ಓಡುತ್ತದೆ, ವರ್ಷಕ್ಕೆ 6,000 ನಿರ್ವಹಣೆ, ಕೊನೆಗೆ ಮಾರಿದರೆ 5,000. ಹೊಸದಕ್ಕೆ 1,10,000, ಹನ್ನೆರಡು ವರ್ಷ ಬಾಳಿಕೆ, ವರ್ಷಕ್ಕೆ 2,500 ನಿರ್ವಹಣೆ, ಕೊನೆಗೆ 20,000. ಬಡ್ಡಿ ಶೇ. 6. ಕೂಡಿ ಕಳೆದರೆ ಹಳೆಯದರ ವಾರ್ಷಿಕ ವೆಚ್ಚ ಸುಮಾರು 12,650 ಯೂರೋ, ಹೊಸದರದು 14,435. ರಿಪೇರಿಯೇ ಗೆದ್ದಿತು, ಆದರೆ ಸುಮಾರು 1,800 ಯೂರೋ ಅಂತರದಲ್ಲಿ ಮಾತ್ರ. ಯಂತ್ರದ ಗಂಟೆಯನ್ನು 60 ಯೂರೋಗೆ ಮಾರುವ ವರ್ಕ್‌ಶಾಪಿಗೆ ಇದು ವರ್ಷಕ್ಕೆ 30 ಗಂಟೆ, ವಾರಕ್ಕೆ ಅರ್ಧ ಗಂಟೆಗಿಂತ ತುಸು ಹೆಚ್ಚು. ಹೊಸ ಯಂತ್ರ ವೇಗದಿಂದಲೋ ಕೆಡದೆ ಓಡುವುದರಿಂದಲೋ ಅಷ್ಟು ಉಳಿಸಿದರೆ ತೀರ್ಪು ತಿರುಗುತ್ತದೆ. ಆದರೆ ಉಳಿದ ಆ ಗಂಟೆಯನ್ನು ಕೊಳ್ಳುವ ಗಿರಾಕಿ ಇರಬೇಕು. ಆರ್ಡರ್ ಇಲ್ಲದ ವರ್ಕ್‌ಶಾಪಿನಲ್ಲಿ ವೇಗದ ಯಂತ್ರ ಬೇಗ ಕೆಲಸ ಮುಗಿಸಿ ಸುಮ್ಮನೆ ನಿಲ್ಲುತ್ತದೆ.

ಅನುಭವಿಗಳು ಇಂಥ ಲೆಕ್ಕವನ್ನು ಕಾಗದವಿಲ್ಲದೆಯೂ ಹಾಕುತ್ತಾರೆ. 1987ರಲ್ಲಿ ಜಾನ್ ರಸ್ಟ್ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ಮ್ಯಾಡಿಸನ್ ನಗರದ ಬಸ್ ಸಂಸ್ಥೆಯ ಮೆಂಟೆನೆನ್ಸ್ ಮುಖ್ಯಸ್ಥ ಹೆರಾಲ್ಡ್ ಝರ್ಚರ್ ಎಂಜಿನ್ ಬದಲಿಸಿದ ಹತ್ತು ವರ್ಷಗಳ ದಾಖಲೆಯನ್ನು ಗಣಿತದ ಮಾದರಿಗೆ ಹೋಲಿಸಿದರು. ಝರ್ಚರ್ ಅವರ ನಿರ್ಧಾರಗಳು ಆ ಮಾದರಿಯ ಲೆಕ್ಕಕ್ಕೆ ಚೆನ್ನಾಗಿಯೇ ಹೊಂದಿಕೊಂಡವು. ಆದರೆ ಅವರ ಬಳಿ ಪ್ರತಿ ಬಸ್ಸಿನ ಮೈಲಿಯ ಲೆಕ್ಕ ಇತ್ತು. ರಿಜಿಸ್ಟರ್ ಇಲ್ಲದ ವರ್ಕ್‌ಶಾಪಿನ ಅಂದಾಜಿಗೆ ಆ ಬಲವಿಲ್ಲ.

ಐರ್ಲೆಂಡಿನ ತೂಕದ ಕಲ್ಲುಗಳು

ಪ್ರತಿ ದೇಶವೂ ಈ ತಕ್ಕಡಿಗೆ ತನ್ನದೇ ಕಲ್ಲುಗಳನ್ನು ಹಾಕುತ್ತದೆ. ರಿಪೇರಿಯ ಖರ್ಚನ್ನು ಐರ್ಲೆಂಡಿನಲ್ಲಿ ಸಾಮಾನ್ಯವಾಗಿ ಅದೇ ವರ್ಷದ ಲಾಭದಿಂದ ಪೂರ್ತಿ ಕಳೆಯಬಹುದು. ಹೊಸ ಯಂತ್ರದ್ದು ಎಂಟು ವರ್ಷಕ್ಕೆ ಹಂಚಿಹೋಗುತ್ತದೆ.

ಕಾರ್ಕ್ ಬಳಿಯ ರಿಂಗಾಸ್ಕಿಡ್ಡಿಯಲ್ಲಿ ಡೆಪ್ಯೂ ಕಂಪನಿ ಕೃತಕ ಸೊಂಟ, ಮಂಡಿಯ ಕೀಲುಗಳನ್ನು ತಯಾರಿಸುತ್ತದೆ. ವೈದ್ಯಕೀಯ ಸಾಧನಗಳ ದೊಡ್ಡ ರಫ್ತುದಾರನಾದ ಈ ದೇಶದಲ್ಲಿ ಅಂಥ ಭಾಗಗಳನ್ನು ಕೊರೆಯುವ ಯಂತ್ರ ಬದಲಾದರೆ, ಸ್ಥಾಪನೆ, ಕಾರ್ಯಾಚರಣೆ, ಸತತ ಕಾರ್ಯಕ್ಷಮತೆ ಎಂಬ ಮೂರು ಹಂತಗಳಲ್ಲಿ ಪ್ರಕ್ರಿಯೆಯನ್ನು ಮತ್ತೆ ಸಾಬೀತುಪಡಿಸಿ ದಾಖಲಿಸಬೇಕು. ಒಮ್ಮೆ ಈ ಪರೀಕ್ಷೆ ಗೆದ್ದ ಹಳೆಯ ಯಂತ್ರಕ್ಕೆ ಆದ್ದರಿಂದಲೇ ಕಬ್ಬಿಣದ ಬೆಲೆ ಮೀರಿದ ಬೆಲೆಯಿದೆ. ಅತ್ತ ಹುಲ್ಲು ಸುತ್ತುವ ಬೇಲರಿಗೆ ಪಿನ್ನು, ಬುಶ್ಶು ಮಾಡುವ ಹಳ್ಳಿಯ ವರ್ಕ್‌ಶಾಪಿಗೆ ಈ ಕಟ್ಟುಪಾಡಿಲ್ಲ. ಕೀಲಿನ ಕೆಲಸಕ್ಕೆ ನಿವೃತ್ತಿಯಾದ ಯಂತ್ರ ಅಲ್ಲಿ ಇನ್ನೊಂದು ದಶಕ ದುಡಿಯಬಲ್ಲದು.

ಸೆಕೆಂಡ್‌ಹ್ಯಾಂಡ್ ಯಂತ್ರಕ್ಕೆ ಪಕ್ಕದ ಬ್ರಿಟನ್ ಸಹಜ ಸಂತೆಯಾಗಿತ್ತು. ಬ್ರೆಕ್ಸಿಟ್ ನಂತರ, 2021ರ ಜನವರಿ 1ರಿಂದ, ಅಲ್ಲಿಂದ ಬರುವ ಹಳೆಯ ಯಂತ್ರವೂ ಹೊರದೇಶದ ಆಮದು. ಕಸ್ಟಮ್ಸ್ ಕಾಗದದ ಜೊತೆ ಐರೋಪ್ಯ ಒಕ್ಕೂಟದ ಸುರಕ್ಷತಾ ನಿಯಮಕ್ಕೂ ಅದು ಹೊಂದಬೇಕು. ಸರಕುಗಳ ಮಟ್ಟಿಗೆ ಒಕ್ಕೂಟದ ನಿಯಮಗಳಲ್ಲೇ ಉಳಿದ ಉತ್ತರ ಐರ್ಲೆಂಡಿನ ಸ್ಥಿತಿ ಬೇರೆ.

ರಿಟ್ರೋಫಿಟ್ ಮಾಡುವವರು ಗಮನಿಸಬೇಕಾದ ಇನ್ನೊಂದು ದಿನಾಂಕವಿದೆ. ಒಕ್ಕೂಟದ ಹೊಸ ಯಂತ್ರ ನಿಯಮಾವಳಿ 2023/1230 ಅನ್ವಯವಾಗುವುದು 2027ರ ಜನವರಿ 20ರಿಂದ. ಮೂಲ ತಯಾರಕ ಊಹಿಸಿರದ, ಹೊಸ ಅಪಾಯ ತರುವ, ಹೊಸ ರಕ್ಷಣೆ ಬೇಡುವ ದೊಡ್ಡ ಬದಲಾವಣೆ ಮಾಡಿದವನನ್ನು ಅದು ಕಾನೂನಿನ ಕಣ್ಣಲ್ಲಿ ತಯಾರಕನನ್ನಾಗಿ ಮಾಡುತ್ತದೆ. ಕೆಟ್ಟ ಡ್ರೈವಿಗೆ ಅಂಥದ್ದೇ ಡ್ರೈವ್ ಹಾಕುವುದು ಒಂದು ಮಾತು. ರಕ್ಷಣಾ ಬಾಗಿಲು ಕಿತ್ತು ರೋಬೋ ತೋಳು ನಿಲ್ಲಿಸುವುದು ಬೇರೆಯೇ ಮಾತು.

ಹೊಸ ಯಂತ್ರ ಮಾರುವವರು ಕೊನೆಗೆ ವಿದ್ಯುತ್ತಿನ ಉಳಿತಾಯದ ಆಸೆ ತೋರಿಸುತ್ತಾರೆ. ಐರ್ಲೆಂಡಿನಲ್ಲಿ ವಿದ್ಯುತ್ ದುಬಾರಿ, ಮಾತಿಗೆ ತೂಕವಿದೆ. ಆದರೆ ಎಂಐಟಿಯ ತಿಮೋಥಿ ಗುಟೋವ್‌ಸ್ಕಿ ಮತ್ತು ಸಂಗಡಿಗರು ಟೊಯೋಟಾದ ಒಂದು ಯಂತ್ರ ಸಾಲಿನ ವಿದ್ಯುತ್ ಲೆಕ್ಕ ನೋಡಿದಾಗ, ಲೋಹ ಕೊರೆಯಲು ಹೋಗುತ್ತಿದ್ದುದು ಹೆಚ್ಚೆಂದರೆ ಶೇ. 14.8. ಉಳಿದದ್ದು ಕೂಲೆಂಟ್ ಪಂಪು, ಹೈಡ್ರಾಲಿಕ್ಸ್, ಫ್ಯಾನುಗಳ ಪಾಲು. ಕೆಲಸವಿಲ್ಲದಾಗ ಪಂಪು ತಾನೇ ನಿಲ್ಲುವಂತೆ ಹಳೆಯ ಯಂತ್ರಕ್ಕೂ ಮಾಡಬಹುದು. ಅದಕ್ಕೆ ಲಕ್ಷ ಯೂರೋ ಬೇಡ.

ಇಷ್ಟನ್ನೂ ಒಟ್ಟಿಗಿಟ್ಟು ನೋಡಿದರೆ ತೀರ್ಪು ಹೀಗೆ. ಕಬ್ಬಿಣ ಗಟ್ಟಿಯಿದ್ದು ಸವೆದದ್ದು ಬೇರಿಂಗ್, ಸ್ಕ್ರೂ ಮಾತ್ರವಾದರೆ ರಿಪೇರಿ. ಕಬ್ಬಿಣವೂ ಸ್ಕ್ರೂವೂ ಚೆನ್ನಾಗಿದ್ದು ಕಂಟ್ರೋಲರಿನ ಬಿಡಿಭಾಗ ಸಿಗದಂತಾದರೆ ರಿಟ್ರೋಫಿಟ್. ಯಂತ್ರ ದೊಡ್ಡದಾದಷ್ಟೂ ಇದು ಲಾಭ, ಚಿಕ್ಕದಕ್ಕೆ ಹೆಚ್ಚಾಗಿ ಗಿಟ್ಟುವುದಿಲ್ಲ. ಜಾರುದಾರಿ, ಸ್ಕ್ರೂ, ಎಲೆಕ್ಟ್ರಾನಿಕ್ಸ್ ಮೂರೂ ಒಟ್ಟಿಗೆ ಮುಗಿದಿದ್ದರೆ, ಅಥವಾ ಬಿಡುವಿಲ್ಲದಷ್ಟು ಆರ್ಡರ್ ಇದ್ದು ಯಂತ್ರ ನಿಲ್ಲುವ ಗಂಟೆಗಳೇ ನಷ್ಟ ತರುತ್ತಿದ್ದರೆ, ಹೊಸದು.

ವರ್ಕ್‌ಶಾಪ್ ಕಾರ್ಕ್‌ನಲ್ಲಿರಲಿ ಪೀಣ್ಯದಲ್ಲಿರಲಿ, ಯಂತ್ರ ಕೆಟ್ಟು ನಿಂತ ದಿನ, ಗಿರಾಕಿ ಫೋನ್ ಮಾಡುತ್ತಿರುವಾಗ ಈ ತೀರ್ಪು ಕೊಡಲಾಗುವುದಿಲ್ಲ. ಅದಕ್ಕೆ ಬೇಕಾದ ಸಾಕ್ಷ್ಯವನ್ನು ಯಂತ್ರ ಚೆನ್ನಾಗಿರುವಾಗಲೇ ಕೂಡಿಸಬೇಕು. ಮಾಲೀಕರು ಈ ವಾರವೇ ಪ್ಯಾರಾಮೀಟರುಗಳ ಬ್ಯಾಕಪ್ ತೆಗೆದು ಎರಡು ಕಡೆ ಇಡಲಿ, ಯಂತ್ರ ಚಾಲೂ ಇರುವಾಗಲೇ ಬ್ಯಾಟರಿ ಬದಲಿಸಲಿ, ನಿಂತ ಪ್ರತಿ ಗಂಟೆಯನ್ನೂ ರಿಜಿಸ್ಟರಿನಲ್ಲಿ ಬರೆಯಲಿ, ವರ್ಷಕ್ಕೊಮ್ಮೆ ಬಾಲ್‌ಬಾರ್ ಹಾಕಿಸಿ ಆ ವೃತ್ತದ ಪ್ರತಿಯನ್ನು ಫೈಲಿನಲ್ಲಿಡಲಿ.